ಪಾರ್ಕಿನ್ಸನ್: ರಾತ್ರಿಯ ಮೂತ್ರಕ್ಕೆ ಹಗಲಲ್ಲೇ ತಯಾರಿ

ಕೈ ನಡುಗುವುದು, ನಡಿಗೆ ನಿಧಾನವಾಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ರಾತ್ರಿ ಮೂರು ನಾಲ್ಕು ಸಲ ಒಂದಕ್ಕೆ ಏಳುವುದನ್ನು, ಬಚ್ಚಲು ಮುಟ್ಟುವಷ್ಟರಲ್ಲಿ ಧೋತರ ಒದ್ದೆಯಾಗುವುದನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಇದು ಅವರ ಅಸಡ್ಡೆಯಲ್ಲ. ಮೂತ್ರಕೋಶ ತುಂಬುವವರೆಗೆ ಅದನ್ನು ತಡೆದಿಡುವ ಮೆದುಳಿನ ಹಿಡಿತ ಈ ಕಾಯಿಲೆಯಲ್ಲಿ ಸಡಿಲಾಗುತ್ತದೆ. ತುಂಬುವ ಮೊದಲೇ ಮೂತ್ರಕೋಶ ಹಿಂಡಿಕೊಳ್ಳುತ್ತದೆ.

ನೀರು ಕಡಿಮೆ ಮಾಡಿದರಾಯಿತು ಎಂದು ಮೊದಲು ಹೊಳೆಯುತ್ತದೆ. ದಯವಿಟ್ಟು ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸಂತೆಕಲ್ಲೂರು, ಮಸ್ಕಿ, ಸಿಂಧನೂರಿನಲ್ಲಂತೂ ಅದು ಅಪಾಯ. ಮೂತ್ರ ಗಟ್ಟಿಯಾಗಿ ಉರಿ, ಸೋಂಕು ಬರುತ್ತದೆ. ಮಲಬದ್ಧತೆ ಹೆಚ್ಚಿ ಮೂತ್ರಕೋಶದ ಮೇಲೆ ಇನ್ನಷ್ಟು ಒತ್ತಡ ಬೀಳುತ್ತದೆ. ಹೃದಯ, ಕಿಡ್ನಿ ತೊಂದರೆಯಿಂದ ವೈದ್ಯರೇ ಮಿತಿ ಹೇಳಿರದಿದ್ದರೆ ದಿನಕ್ಕೆ ಒಂದೂವರೆ–ಎರಡು ಲೀಟರ್ ಬೇಕು, ಬಿಸಿಲಿಗೆ ಇನ್ನೂ ಹೆಚ್ಚು. ಬಹುಪಾಲನ್ನು ಸಂಜೆ ಐದರೊಳಗೆ ಕುಡಿಸಿ. ಸಂಜೆಯ ಚಹಾ ಬಿಡಿಸಿ.

ಮೂರು ದಿನ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡಿ: ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೋಯಿತು (ಅಳತೆ ಗೆರೆಯ ಪ್ಲಾಸ್ಟಿಕ್ ಜಗ್ ಸಾಕು), ಏನು ಕುಡಿದರು, ಸೋರಿತೇ. ಶಾಲೆಗೆ ಹೋಗುವ ಮೊಮ್ಮಗಳೂ ಇದನ್ನು ಬರೆದಿಡಬಲ್ಲಳು. ಅದನ್ನು ಹಿಡಿದುಕೊಂಡು ಲಿಂಗಸುಗೂರು ಅಥವಾ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಆಗಲಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬುದನ್ನು ಸ್ಕ್ಯಾನಿಂಗ್ ತೋರಿಸುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ದಪ್ಪಗಾದರೂ ಇದೇ ಲಕ್ಷಣ. ಆಪರೇಷನ್ ಮಾತು ಬಂದರೆ, ಒಪ್ಪುವ ಮುಂಚೆ ನಿಮ್ಮ ನರರೋಗ ತಜ್ಞರನ್ನು ಕೇಳಲೇಬೇಕು.

ಅವಸರವಾಗುವವರೆಗೆ ಕಾಯದೆ, ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಗಡಿಯಾರ ನೋಡಿ ಕರೆದೊಯ್ಯಿರಿ. ಪಾದ ಬಾತಿದ್ದರೆ ಮಧ್ಯಾಹ್ನ ಒಂದು ತಾಸು ಕಾಲನ್ನು ದಿಂಬಿನ ಮೇಲೆ ಎತ್ತಿಡಲಿ. ಕಾಲಿನಲ್ಲಿ ನಿಂತ ನೀರು ರಾತ್ರಿ ಮೂತ್ರವಾಗದೆ ಹಗಲೇ ಹೋಗುತ್ತದೆ. ಲಾಡಿಯ ಬದಲು ಎಲಾಸ್ಟಿಕ್ ಇರುವ ಬಟ್ಟೆ ಹಾಕಿಸಿ.

ನನಗೆ ಹೆಚ್ಚು ಭಯ ರಾತ್ರಿಯದು. ಬಚ್ಚಲು ಹಿತ್ತಲಲ್ಲಿದ್ದರೆ ಕತ್ತಲಲ್ಲಿ ಹೊಸ್ತಿಲು ದಾಟಿ ಹೋಗಬೇಕು. ಎದ್ದ ಕೂಡಲೇ ಬಿ.ಪಿ. ಇಳಿದು ತಲೆ ತಿರುಗಿ, ಬಿದ್ದು ಸೊಂಟ ಮುರಿಯುವುದು ಇಂಥ ಹೊತ್ತಿನಲ್ಲೇ. ಮಂಚದ ಪಕ್ಕ ಯೂರಿನ್ ಪಾಟ್ ಅಥವಾ ಕಮೋಡ್ ಕುರ್ಚಿ ಇಡಿ, ಸಣ್ಣ ಬಲ್ಬು ಉರಿಯುತ್ತಿರಲಿ. ಎದ್ದವರು ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ನಂತರ ನಿಲ್ಲಲಿ.

ಮೂತ್ರ ಹಿಡಿದಿಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಆಕ್ಸಿಬ್ಯುಟಿನಿನ್, ವಯಸ್ಸಾದವರಲ್ಲಿ ಮರೆವು, ಗೊಂದಲ ತರುತ್ತವೆ. ಅಂಗಡಿಯಲ್ಲಿ ಕೇಳಿ ತರಬೇಡಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯಿಂದ ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು. ಅದಕ್ಕೆ ಹೆದರಿ ಆ ಮಾತ್ರೆ ನಿಲ್ಲಿಸಬಾರದು.

ಮೂತ್ರ ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿದರೆ, ರಕ್ತ ಕಂಡರೆ, ಜ್ವರದೊಂದಿಗೆ ಏಕಾಏಕಿ ಮಾತು ತಡಬಡಿಸಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.