‘ಕನ್‌ಸ್ಪಿಕ್ಯುಅಸ್’ ಎಂದರೇನು?

ನಾಲಿಗೆ ತೊಡರಿಸುವ ಈ ಇಂಗ್ಲಿಷ್ ಪದದ ಅರ್ಥ ಸುಲಭ: ನೋಡಿದೊಡನೆ ಕಣ್ಣಿಗೆ ಬೀಳುವಂಥದು. ಹಸುರು ಗದ್ದೆಯಲ್ಲಿ ನಿಂತ ಬೆಳ್ಳಕ್ಕಿ ‘ಕನ್‌ಸ್ಪಿಕ್ಯುಅಸ್’. ಎಲೆಯಡಿಯ ಹಸುರು ಹುಳು ಅಲ್ಲ.

ಈ ಪದದಿಂದ ನಿಮಗೇನು? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ನೋಡಿರಿ. 21ನೇ ಆದೇಶದ 54ನೇ ನಿಯಮದಂತೆ, ಡಿಕ್ರಿಗಾಗಿ ಜಮೀನು ಜಪ್ತಿಯಾದರೆ ಡಂಗುರದಿಂದಲೋ ರೂಢಿಯ ಬೇರೆ ರೀತಿಯಿಂದಲೋ ಸಾರಬೇಕು. ಆಜ್ಞೆಯ ಪ್ರತಿಯನ್ನು ಜಮೀನಿನ ‘ಕನ್‌ಸ್ಪಿಕ್ಯುಅಸ್’ ಭಾಗದಲ್ಲಿ ಅಂಟಿಸಬೇಕು. ನ್ಯಾಯಾಲಯದ ಕಟ್ಟಡದಲ್ಲೂ ಹಾಗೆಯೇ. ಹಳ್ಳಿಯ ಜಮೀನಾದರೆ ಗ್ರಾಮ ಪಂಚಾಯಿತಿ ಕಚೇರಿಯಲ್ಲೂ ಒಂದು ಪ್ರತಿ.

ಬೇಲಿಯ ಮುಳ್ಳಿನೊಳಗೆ ತುರುಕಿದ ಕಾಗದಕ್ಕೆ ಈ ಪದ ಸಲ್ಲದು. ಆದರೆ ಒಂದು ಮಾತು: ಪದ ಹೇಳುವುದು ಕಾಣುವ ಜಾಗವನ್ನು, ನೀವು ಕಂಡಿರೆಂದಲ್ಲ. ಪಂಚಾಯಿತಿಗೆ ಹೋದಾಗ ಫಲಕದ ಮೇಲೆ ಕಣ್ಣಾಡಿಸಿರಿ. ಓದು ಬಾರದಿದ್ದರೆ ಶಾಲೆಯ ಮಕ್ಕಳಿಂದ ಓದಿಸಿರಿ.