ಎರಡನೆಯ ಪುಟಿತ: ಎಸ್ತರ್ ವರ್ಗೀರ್ ಅವರ ಬಾಳಿನಿಂದ ಒಂದು ಪಾಠ

‘ವಿಕಲ’ ಎಂಬ ಶಬ್ದವನ್ನು ನಾವು ನಿತ್ಯವೂ ಬಳಸುತ್ತೇವೆ. ಅದರ ಅರ್ಥವನ್ನು ಮಾತ್ರ ವಿಚಾರಿಸುವುದು ವಿರಳ. ‘ಕಲಾ’ ಎಂದರೆ ಅಂಶ, ಭಾಗ. ಚಂದ್ರಬಿಂಬದ ಹದಿನಾರನೆಯ ಒಂದು ಪಾಲಿಗೆ ಕಲೆಯೆಂಬ ಹೆಸರು ಬಂದಿರುವುದು ಈ ಅರ್ಥದಿಂದಲೇ. ಅಂಶವೊಂದು ಕಳೆದುಹೋದುದು ವಿಕಲ. ಆದುದರಿಂದ ಒಬ್ಬರನ್ನು ‘ಅಂಗವಿಕಲ’ರೆಂದು ಕರೆದಾಗ, ಅವರ ಒಂದು ಅಂಗದಲ್ಲಿ ಊನವಿದೆಯೆಂದು ಹೇಳಿದಂತಾಯಿತೇ ಹೊರತು ಅದಕ್ಕಿಂತ ಹೆಚ್ಚೇನನ್ನೂ ಹೇಳಿದಂತಾಗಲಿಲ್ಲ. ಈಚೆಗೆ ನಮ್ಮ ನಾಡಿನಲ್ಲಿ ‘ವಿಕಲಚೇತನ’ ಎಂಬ ಶಬ್ದವು ರೂಢಿಗೆ ಬಂದಿದೆ. ಸದುದ್ದೇಶದಿಂದಲೇ ಬಂದ ಮಾತು ಇದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಮಾಸವನ್ನು ಬಿಡಿಸಿ ನೋಡಿದರೆ, ಅಂಗಕ್ಕಿದ್ದ ಊನವು ಚೇತನಕ್ಕೇ ತಗುಲಿದಂತಾಗಿದೆ. ಶಬ್ದದಲ್ಲಿ ನಡೆದ ಈ ಜಾರುವಿಕೆ ನಮ್ಮ ಮನಸ್ಸಿನಲ್ಲಿಯೂ ನಡೆಯುತ್ತಿರುತ್ತದೆ. ನಡೆಯಲಾರದ ಬಾಲಕನನ್ನು ಕಂಡೊಡನೆ ಅವನ ಉತ್ಸಾಹವೂ, ಛಲವೂ, ಗೆಲ್ಲಬೇಕೆಂಬ ಆಸೆಯೂ ಕಾಲಿನೊಡನೆಯೇ ನಿಂತುಹೋಗಿವೆಯೆಂದು ಭಾವಿಸಿ, ಆಟದ ವೇಳೆಯಲ್ಲಿ ಅವನನ್ನು ಮರದ ನೆರಳಿನಲ್ಲಿ ಕೂರಿಸುತ್ತೇವೆ. ಹಾಗೆ ಕೂರಿಸಿದುದನ್ನು ದಯೆಯೆಂದೂ ತಿಳಿಯುತ್ತೇವೆ.

ಈ ಭಾವನೆ ಎಷ್ಟು ತಪ್ಪೆಂಬುದನ್ನು ತನ್ನ ಬಾಳಿನಿಂದಲೇ ತೋರಿಸಿಕೊಟ್ಟ ಒಬ್ಬ ಮಹಿಳೆಯ ಚರಿತ್ರೆಯನ್ನು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಆಕೆ ನೆದರ್ಲೆಂಡ್ಸ್ ದೇಶದ ಗಾಲಿಕುರ್ಚಿ ಟೆನಿಸ್ ಆಟಗಾರ್ತಿ ಎಸ್ತರ್ ವರ್ಗೀರ್.

ಆಟದ ಹುಟ್ಟು

ಆಟಗಾರ್ತಿಯನ್ನು ಅರಿಯುವ ಮುನ್ನ ಆಟವನ್ನು ಅರಿಯಬೇಕು. ಗಾಲಿಕುರ್ಚಿ ಟೆನಿಸ್ ಹುಟ್ಟಿದುದು 1976ರಲ್ಲಿ, ಅಮೆರಿಕದಲ್ಲಿ. ಬ್ರಾಡ್ ಪಾರ್ಕ್ಸ್ ಎಂಬ ಹದಿನೆಂಟರ ತರುಣ ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಯಲ್ಲಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಕಾಲುಗಳ ಬಲವನ್ನು ಕಳೆದುಕೊಂಡ. ಚಿಕಿತ್ಸೆಯ ಕಾಲದಲ್ಲಿ ಜೆಫ್ ಮಿನ್ನೆಬ್ರೇಕರ್ ಎಂಬವರ ಪರಿಚಯವಾಯಿತು. ಅವರೂ ಗಾಲಿಕುರ್ಚಿಯಲ್ಲಿಯೇ ಇದ್ದವರು. ಹಗುರವಾದ ಕುರ್ಚಿಯೊಂದನ್ನು ತಾವೇ ಮಾಡಿಕೊಂಡು ಟೆನಿಸ್ ಆಡುತ್ತಿದ್ದರು. ಇವರಿಬ್ಬರ ಉದ್ಯಮದಿಂದ ಆಟ ಊರಿಂದೂರಿಗೆ ಹಬ್ಬಿತು. 1980ರಲ್ಲಿ ಪಾರ್ಕ್ಸ್ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನದ ಆಟವಾಗಿದ್ದು, 1992ರ ಬಾರ್ಸಿಲೋನಾದಲ್ಲಿ ಪದಕದ ಆಟವಾಯಿತು. ಅಲ್ಲಿ ಪಾರ್ಕ್ಸ್ ಸ್ವತಃ ರ‍್ಯಾಂಡಿ ಸ್ನೋ ಅವರೊಡನೆ ಪುರುಷರ ಡಬಲ್ಸ್‌ನಲ್ಲಿ ಸ್ವರ್ಣಪದಕವನ್ನು ಗಳಿಸಿದರು.

ನಿಯಮದ ತತ್ತ್ವ

ಈ ಆಟದ ನಿಯಮಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಆಶ್ಚರ್ಯವನ್ನುಂಟುಮಾಡುತ್ತದೆ. ಅಂಗಣದ ಉದ್ದ ಅದೇ 78 ಅಡಿ. ಸಿಂಗಲ್ಸ್‌ಗೆ ಅಗಲ ಅದೇ 27 ಅಡಿ. ಬಲೆಯ ಎತ್ತರ ನಡುವೆ ಅದೇ 3 ಅಡಿ. ಚೆಂಡು ಅದೇ, ರ‍್ಯಾಕೆಟ್ ಅದೇ, ಅಂಕಗಳ ಎಣಿಕೆಯೂ ಅದೇ. ಮುಖ್ಯವಾದ ವ್ಯತ್ಯಾಸ ಒಂದೇ ಒಂದು: ನಡೆಯಬಲ್ಲವರ ಆಟದಲ್ಲಿ ಚೆಂಡು ಒಮ್ಮೆ ಪುಟಿದು, ಎರಡನೆಯ ಬಾರಿ ನೆಲ ಮುಟ್ಟುವುದರೊಳಗೆ ಅದನ್ನು ಹೊಡೆಯಬೇಕು, ಇಲ್ಲಿ ಎರಡು ಬಾರಿ ಪುಟಿಯಲು ಅವಕಾಶವಿದೆ. ಮೊದಲ ಪುಟಿತ ಅಂಗಣದ ಗೆರೆಯೊಳಗೇ ಆಗಬೇಕು. ಎರಡನೆಯದು ಹೊರಗಾದರೂ ಬಾಧಕವಿಲ್ಲ.

ಇದರ ಹೊರತು ಬೇರೆ ರಿಯಾಯಿತಿ ಇಲ್ಲವೆಂದೇ ಹೇಳಬಹುದು. ಕುರ್ಚಿಯನ್ನು ಆಟಗಾರನ ದೇಹದ ಭಾಗವೆಂದೇ ಎಣಿಸುತ್ತಾರೆ. ಆಟ ನಡೆಯುತ್ತಿರುವಾಗ ಚೆಂಡು ಕುರ್ಚಿಗೆ ತಗುಲಿದರೆ ಅಂಕ ಎದುರಾಳಿಗೆ. ಪಾದವನ್ನು ನೆಲಕ್ಕೊತ್ತಿ ಕುರ್ಚಿಯನ್ನು ತಡೆಯುವಂತಿಲ್ಲ. ಚೆಂಡನ್ನು ಹೊಡೆಯುವಾಗ ಆಸನದಿಂದ ಮೇಲಕ್ಕೆ ಏಳುವಂತಿಲ್ಲ. ರ‍್ಯಾಕೆಟ್ ಹಿಡಿದ ಕೈಯಿಂದಲೇ ಗಾಲಿಯನ್ನೂ ತಳ್ಳಬೇಕು. ನಡೆಯಬಲ್ಲವನು ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು ಚೆಂಡನ್ನು ಸೇರಬಲ್ಲ. ಗಾಲಿಗೆ ಪಕ್ಕದ ಹೆಜ್ಜೆ ಎಂಬುದಿಲ್ಲ. ಆದುದರಿಂದ ಈ ಆಟಗಾರರು ಕುರ್ಚಿಯನ್ನು ನಿಲ್ಲಗೊಡದೆ ಸದಾ ಚಲಿಸುತ್ತ, ಚೆಂಡು ಎದುರಾಳಿಯ ರ‍್ಯಾಕೆಟ್ಟನ್ನು ಬಿಡುವ ಮುನ್ನವೇ ಅದು ಬೀಳುವ ಎಡೆಯನ್ನು ಊಹಿಸಿ ತಿರುಗಿರಬೇಕು. ಕುರ್ಚಿಯ ಎರಡು ದೊಡ್ಡ ಗಾಲಿಗಳು ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಓರೆಯಾಗಿರುವುದು ಬೇಗ ತಿರುಗುವುದಕ್ಕೂ ಉರುಳಿ ಬೀಳದಿರುವುದಕ್ಕೂ ಅನುಕೂಲ.

ಇಲ್ಲಿ ನಾವು ಗಮನಿಸಬೇಕಾದ ತತ್ತ್ವವಿದೆ. ಈ ನಿಯಮವನ್ನು ಮಾಡಿದವರು ಬಲೆಯನ್ನು ತಗ್ಗಿಸಲಿಲ್ಲ, ಅಂಗಣವನ್ನು ಕಿರಿದುಮಾಡಲಿಲ್ಲ, ಅಂಕಗಳನ್ನು ಉಚಿತವಾಗಿ ಹಂಚಲಿಲ್ಲ. ಕಾಲಿನ ಊನದಿಂದ ಎಷ್ಟು ಕೊರತೆಯಾಗಿತ್ತೋ ಅಷ್ಟನ್ನೇ ಅಳೆದು, ಒಂದು ಪುಟಿತದ ಮಟ್ಟಿಗೆ ಕಾಲಾವಕಾಶವನ್ನು ಕೊಟ್ಟರು. ಉಳಿದುದನ್ನು ಆಟಗಾರರ ಸಾಮರ್ಥ್ಯಕ್ಕೇ ಬಿಟ್ಟರು. ದಯೆಗೂ ನ್ಯಾಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಅಪರೂಪ.

ಬಾಲ್ಯ ಮತ್ತು ಶಿಕ್ಷಣ

ಎಸ್ತರ್ ವರ್ಗೀರ್ ಹುಟ್ಟಿದುದು 1981ರ ಜುಲೈ 18ರಂದು, ನೆದರ್ಲೆಂಡ್ಸ್‌ನ ವುರ್ಡನ್ ಎಂಬ ಊರಿನಲ್ಲಿ. ಆರನೆಯ ವಯಸ್ಸಿನವರೆಗೆ ಎಲ್ಲ ಮಕ್ಕಳಂತೆ ಓಡಾಡಿಕೊಂಡಿದ್ದ ಬಾಲಕಿ, ಆ ವಯಸ್ಸಿನಲ್ಲಿ ಒಮ್ಮೆಗೇ ಅಸ್ವಸ್ಥಳಾದಳು. ಬೆನ್ನುಹುರಿಯ ಬಳಿಯ ರಕ್ತನಾಳಗಳಲ್ಲಿ ದೋಷವಿರುವುದು ಮುಂದೆ ಪತ್ತೆಯಾಯಿತು. ಎಂಟನೆಯ ವಯಸ್ಸಿನಲ್ಲಿ ದೀರ್ಘವಾದ ಶಸ್ತ್ರಚಿಕಿತ್ಸೆ ನಡೆಯಿತು. ಪ್ರಾಣ ಉಳಿಯಿತು, ಕಾಲುಗಳ ಬಲ ಉಳಿಯಲಿಲ್ಲ.

ಅನಂತರ ಆಕೆಯನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರು. ಆಕೆಯ ಮುಂದಿನ ಬಾಳಿನ ದಿಕ್ಕು ನಿರ್ಣಯವಾದುದು ಅಲ್ಲಿಯೇ. ಕುರ್ಚಿಯಲ್ಲಿ ಕೂರುವುದನ್ನು, ಕುರ್ಚಿಯಿಂದ ಹಾಸಿಗೆಗೆ ಸರಿಯುವುದನ್ನು ಕಲಿಸಿದಂತೆಯೇ ಆಟವನ್ನೂ ಅಲ್ಲಿ ಕಲಿಸುತ್ತಿದ್ದರು. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್, ಟೆನಿಸ್ ಈ ಮೂರನ್ನೂ ಬಾಲಕಿ ಕುರ್ಚಿಯಲ್ಲಿ ಕುಳಿತೇ ಕಲಿತಳು. ಮೊದಲು ಪ್ರಸಿದ್ಧಿ ಬಂದುದು ಬ್ಯಾಸ್ಕೆಟ್‌ಬಾಲಿನಲ್ಲಿ. 1997ರಲ್ಲಿ ಯೂರೋಪಿನ ಚಾಂಪಿಯನ್ ಪದವಿಯನ್ನು ಗೆದ್ದ ನೆದರ್ಲೆಂಡ್ಸ್ ತಂಡದಲ್ಲಿ ಆಕೆಯಿದ್ದಳು. ಕುರ್ಚಿಯನ್ನು ಚಮತ್ಕಾರದಿಂದ ತಿರುಗಿಸುವ ಕೌಶಲವು ಆ ಆಟದಿಂದ ಲಭಿಸಿ, ಟೆನಿಸ್ಸಿನಲ್ಲಿ ಫಲ ನೀಡಿತು. ಒಂದು ವಿದ್ಯೆ ಮತ್ತೊಂದು ವಿದ್ಯೆಗೆ ತಳಹದಿಯಾಗುವ ಬಗೆ ಇದು.

ವಿಜಯಪರಂಪರೆ

1999ರಲ್ಲಿ ವರ್ಗೀರ್ ಮೊದಲ ಬಾರಿಗೆ ಜಗತ್ತಿನ ಅಗ್ರಸ್ಥಾನಕ್ಕೆ ಏರಿದರು. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಸಿಂಗಲ್ಸ್, ಡಬಲ್ಸ್ ಎರಡರಲ್ಲಿಯೂ ಸ್ವರ್ಣಪದಕ ದೊರೆಯಿತು. ಆ ವರ್ಷದ ಅಕ್ಟೋಬರಿನಿಂದ ನಿವೃತ್ತಿಯವರೆಗೆ ಅಗ್ರಸ್ಥಾನವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. 2003ರ ಜನವರಿ 30ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯದ ಡ್ಯಾನಿಯೆಲಾ ಡಿ ಟೊರೊ ಅವರಿಗೆ ಸೋತರು. ಸಿಂಗಲ್ಸ್‌ನಲ್ಲಿ ಆಕೆ ಕಂಡ ಕಡೆಯ ಸೋಲು ಅದೇ. ಅಲ್ಲಿಂದ ಮುಂದೆ ಹತ್ತು ವರ್ಷಗಳ ಕಾಲ ಒಂದರ ಮೇಲೊಂದರಂತೆ 470 ಪಂದ್ಯಗಳನ್ನು ಗೆದ್ದರು.

ಪ್ಯಾರಾಲಿಂಪಿಕ್ಸ್‌ನಲ್ಲಿ 2000, 2004, 2008, 2012 ಈ ನಾಲ್ಕು ಸಲವೂ ಸಿಂಗಲ್ಸ್‌ನ ಸ್ವರ್ಣಪದಕ ಆಕೆಯದಾಯಿತು. ಡಬಲ್ಸ್‌ನ ಮೂರು ಸೇರಿ ಒಟ್ಟು ಏಳು. ಆಸ್ಟ್ರೇಲಿಯನ್, ಫ್ರೆಂಚ್, ಅಮೆರಿಕನ್ ಓಪನ್‌ಗಳಲ್ಲಿ 21 ಸಿಂಗಲ್ಸ್ ಪ್ರಶಸ್ತಿಗಳು ಬಂದುವು. ವಿಂಬಲ್ಡನ್‌ನಲ್ಲಿ ಮಾತ್ರ ಆಕೆಗೆ ಡಬಲ್ಸ್ ಆಡುವ ಅವಕಾಶವಷ್ಟೇ ಇತ್ತು. ಹುಲ್ಲಿನ ಮೇಲೆ ಗಾಲಿಗಳನ್ನು ತಳ್ಳುವುದು ಬಹು ಕಷ್ಟ. ಅಲ್ಲಿ ಗಾಲಿಕುರ್ಚಿಯ ಸಿಂಗಲ್ಸ್ ಸ್ಪರ್ಧೆ ಆರಂಭವಾದುದು 2016ರಲ್ಲಿ. ಅಷ್ಟರಲ್ಲಿ ಆಕೆ ನಿವೃತ್ತರಾಗಿದ್ದರು.

ಹೀಗೆಂದ ಮಾತ್ರಕ್ಕೆ ಗೆಲುವೆಲ್ಲ ಸುಲಭವಾಗಿ ಬಂದಿತೆಂದು ತಿಳಿಯಬಾರದು. 2008ರ ಬೀಜಿಂಗ್ ಫೈನಲ್‌ನಲ್ಲಿ ಎದುರಾದವರು ಸ್ವದೇಶದವರೇ ಆದ ಕೋರಿ ಹೋಮನ್. ಮೊದಲ ಸೆಟ್ ವರ್ಗೀರ್ ಅವರಿಗೆ 6-2ರಿಂದ; ಎರಡನೆಯದು ಹೋಮನ್ ಅವರಿಗೆ 6-4ರಿಂದ. ಮೂರನೆಯದರಲ್ಲಿ ಸೋಲು ಒಂದೇ ಒಂದು ಅಂಕದ ಅಂತರಕ್ಕೆ ಬಂದು ನಿಂತಿತ್ತು. ಆ ಗಳಿಗೆಯನ್ನು ದಾಟಿ, 7-6ರಿಂದ ಪಂದ್ಯವನ್ನು ಉಳಿಸಿಕೊಂಡರು. ಐದು ವರ್ಷಗಳಿಂದ ಸೋಲನ್ನೇ ಕಾಣದವರಿಗೆ ಸೋಲಿನ ಅಂಚಿನಲ್ಲಿ ಕೈ ನಡುಗುವುದು ಸಹಜ. ನಡುಗಗೊಡದಿದ್ದುದು ಅಭ್ಯಾಸದ ಬಲ. 2012ರ ಲಂಡನ್ ಫೈನಲ್‌ನಲ್ಲಿ ಆನಿಕ್ ವಾನ್ ಕೂಟ್ ಅವರನ್ನು 6-0, 6-3ರಿಂದ ಗೆದ್ದು, 2013ರ ಫೆಬ್ರವರಿಯಲ್ಲಿ ನಿವೃತ್ತಿಯನ್ನು ಘೋಷಿಸಿದರು.

ಒಂದು ಆಕ್ಷೇಪ, ಅದಕ್ಕೆ ಸಮಾಧಾನ

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ‘ಈ ಆಟವನ್ನು ಆಡುವ ಮಹಿಳೆಯರು ಜಗತ್ತಿನಲ್ಲಿ ಎಷ್ಟು ಮಂದಿ? ಸ್ಪರ್ಧಿಗಳು ಕಡಿಮೆಯಾದೆಡೆ ಗೆಲುವಿನ ಸಂಖ್ಯೆ ದೊಡ್ಡದಾಗುವುದರಲ್ಲಿ ಅತಿಶಯವೇನು?’ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಸ್ಪರ್ಧಿಗಳ ಸಂಖ್ಯೆ ಪರಿಮಿತವೇ ಸರಿ. ಆದರೆ ಅದು ಪರಿಮಿತವಾದುದೇಕೆ? ಕುರ್ಚಿಯಲ್ಲಿ ಕುಳಿತ ಹೆಣ್ಣುಮಕ್ಕಳ ಕೈಗೆ ರ‍್ಯಾಕೆಟ್ ಕೊಟ್ಟ ದೇಶಗಳು ವಿರಳವಾದುದರಿಂದ. ಕೊಟ್ಟೆಡೆಯಲ್ಲಿ ಏನಾಯಿತೆಂಬುದಕ್ಕೆ ನೆದರ್ಲೆಂಡ್ಸ್ ದೇಶವೇ ಸಾಕ್ಷಿ. ಎರಡು ಕೋಟಿಗೂ ಕಡಿಮೆ ಜನರಿರುವ ಆ ಪುಟ್ಟ ನಾಡು, 2012ರ ಲಂಡನ್ ಮಹಿಳಾ ಸಿಂಗಲ್ಸ್‌ನ ಮೂರು ಪದಕಗಳನ್ನೂ ತಾನೇ ಪಡೆಯಿತು: ಸ್ವರ್ಣ ವರ್ಗೀರ್ ಅವರಿಗೆ, ರಜತ ವಾನ್ ಕೂಟ್ ಅವರಿಗೆ, ಕಂಚು ಯಿಸ್ಕೆ ಗ್ರಿಫಿಯೂನ್ ಅವರಿಗೆ. ಆ ನಾಡಿನ ಮಕ್ಕಳ ಚೇತನ ನಮ್ಮ ಮಕ್ಕಳದಕ್ಕಿಂತ ಹಿರಿದೆಂದು ಯಾರು ಹೇಳಿಯಾರು? ಅಲ್ಲಿ ದೊರೆತುದು ಅವಕಾಶ. ಅವಕಾಶವೇ ಆಟಗಾರರನ್ನು ಹುಟ್ಟಿಸಿತು. ಆಟಗಾರರೇ ಎದುರಾಳಿಗಳನ್ನು ಹುಟ್ಟಿಸಿದರು.

ಆ ಪರಂಪರೆ ನಿಂತಿಲ್ಲ. ಅದೇ ದೇಶದ ಡೀಡೆ ದ ಗ್ರೂಟ್ 2021ರಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳ ಸಿಂಗಲ್ಸ್ ಪ್ರಶಸ್ತಿಗಳನ್ನೂ ಪ್ಯಾರಾಲಿಂಪಿಕ್ಸ್ ಸ್ವರ್ಣವನ್ನೂ ಒಂದೇ ವರ್ಷದಲ್ಲಿ ಗಳಿಸಿದರು. 2024ರ ಪ್ಯಾರಿಸ್ ಫೈನಲ್‌ನಲ್ಲಿ ಅವರನ್ನು ಸೋಲಿಸಿದವರು ಜಪಾನಿನ ಯುಯಿ ಕಮಿಜಿ. ಆಟವು ಒಂದೇ ನಾಡಿನ ಸೊತ್ತಾಗಿ ಉಳಿಯಲಿಲ್ಲವೆಂಬುದು ಸಂತೋಷದ ವಿಷಯ.

ಪಡೆದುದನ್ನು ಹಂಚಿದುದು

ವರ್ಗೀರ್ ಅವರ ಕೀರ್ತಿಗೆ ಪ್ರಶಸ್ತಿಗಳ ಸಾಕ್ಷ್ಯ ಸಾಕಷ್ಟಿದೆ. 2002 ಮತ್ತು 2008ರಲ್ಲಿ ಲಾರಿಯಸ್ ಪ್ರಶಸ್ತಿ ಬಂದಿತು. 2023ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಯಿತು. ಆದರೆ ನಮ್ಮ ದೃಷ್ಟಿಗೆ ಇವೆಲ್ಲಕ್ಕಿಂತ ಮಿಗಿಲಾದುದು ಬೇರೊಂದಿದೆ. ಇನ್ನೂ ಆಡುತ್ತಿದ್ದ ಕಾಲದಲ್ಲಿಯೇ, 2004ರಲ್ಲಿ, ಅಂಗವಿಕಲ ಮಕ್ಕಳನ್ನು ಆಟಕ್ಕೆ ಕರೆತರುವುದಕ್ಕಾಗಿ ತಮ್ಮ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಪುನಶ್ಚೇತನ ಕೇಂದ್ರದಲ್ಲಿ ತಮಗೆ ದೊರೆತುದು ಇತರ ಮಕ್ಕಳಿಗೂ ದೊರೆಯಲೆಂಬುದು ಇದರಿಂದ ವ್ಯಕ್ತವಾಗುತ್ತದೆ. ವಿದ್ಯೆಯನ್ನು ಪಡೆದವನು ಅದನ್ನು ಮುಂದಿನವನಿಗೆ ದಾಟಿಸಿದಾಗಲೇ ಋಣ ತೀರುವುದೆಂಬುದನ್ನು ಹಳೆಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕರ್ತವ್ಯ

ಇನ್ನು ನಮ್ಮ ಮಾತು. ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕುಗಳಿಗಾಗಿ 2016ರಲ್ಲಿ ಮಾಡಿದ ಕಾಯಿದೆಯು, ಸರಕಾರದ ಧನಸಹಾಯವನ್ನಾಗಲಿ ಮನ್ನಣೆಯನ್ನಾಗಲಿ ಪಡೆದ ಶಾಲೆಗಳಲ್ಲಿ ಇಂತಹ ಮಕ್ಕಳಿಗೆ ಭೇದವಿಲ್ಲದೆ ಪ್ರವೇಶ ದೊರೆಯಬೇಕೆಂದೂ, ಓದಿನಲ್ಲಿ ಮಾತ್ರವಲ್ಲದೆ ಆಟದಲ್ಲಿಯೂ ಇತರರೊಡನೆ ಸಮಾನವಾದ ಅವಕಾಶವಿರಬೇಕೆಂದೂ ವಿಧಿಸಿದೆ. ಆದರೆ ಕಾಯಿದೆ ತಾನಾಗಿ ನಡೆದುಬಂದು ಬಾಗಿಲು ತೆರೆಯುವುದಿಲ್ಲ. ತೆರೆಯುವ ಕೈಗಳು ಬೇಕು. ದಾನಿಗಳು ಒಂದು ಕಟ್ಟಡವನ್ನು ಕಟ್ಟಿಸಿಕೊಡುವಾಗ ಮೆಟ್ಟಿಲಿನ ಪಕ್ಕದಲ್ಲಿ ಗಾಲಿ ಏರುವ ಇಳಿಜಾರು ದಾರಿಯೊಂದನ್ನು ಮಾಡಿಸಿದರೆ, ಅದೇ ಒಂದು ಎರಡನೆಯ ಪುಟಿತ. ಪರೀಕ್ಷೆಯಲ್ಲಿ ಕೈ ನಡುಗುವ ಬಾಲಕಿಗೆ ಬರೆಯಲು ಇನ್ನಷ್ಟು ಹೊತ್ತು ಕೊಟ್ಟು, ಉತ್ತರವನ್ನು ಮಾತ್ರ ಎಲ್ಲರ ಅಳತೆಯಿಂದಲೇ ಅಳೆಯುವುದು ಅಧ್ಯಾಪಕರು ಕೊಡಬಹುದಾದ ಎರಡನೆಯ ಪುಟಿತ. ಬಲೆಯನ್ನು ತಗ್ಗಿಸುವುದು ಬೇಡ. ಬಲೆಯನ್ನು ತಗ್ಗಿಸಿದರೆ ಆ ಮಗುವಿನ ಗೆಲುವನ್ನು ನಾವೇ ಕಸಿದುಕೊಂಡಂತೆ.

‘ಕಲಾ’ ಶಬ್ದಕ್ಕೆ ಅಂಶವೆಂಬ ಅರ್ಥವಿರುವಂತೆ ವಿದ್ಯೆ, ಕೌಶಲ ಎಂಬ ಅರ್ಥವೂ ಉಂಟು. ಒಂದು ಕಲೆ ಕುಂದಿದ ಮಾತ್ರಕ್ಕೆ ಇನ್ನೊಂದು ಕಲೆ ಕುಂದಬೇಕಾಗಿಲ್ಲ. ಮರದ ನೆರಳಿನಲ್ಲಿ ಕುಳಿತಿರುವ ಬಾಲಕನನ್ನು ಅಂಗಣಕ್ಕೆ ಕರೆತಂದರೆ ಅವನು ಎಸ್ತರ್ ವರ್ಗೀರ್ ಆಗಲಾರನೇನೋ, ಆದರೆ ಆಟಗಾರನಾಗುವನು. ಅವನಿಗೆ ಸಲ್ಲಬೇಕಾದುದು ಅಷ್ಟು. ಅದನ್ನು ಸಲ್ಲಿಸುವುದು ನಮ್ಮೆಲ್ಲರ ಹೊಣೆ.