ಆಪರೇಷನ್ ಮುಗಿದ ಮೇಲಿನ ಮೂರು ತಿಂಗಳು

ಮೊಣಕಾಲ ಚಿಪ್ಪು ಬದಲಿಸಿಕೊಂಡವರನ್ನು ಮಾತನಾಡಿಸಲು ಹೋದವರು ನಮ್ಮ ಇಂಡಿ ಕಡೆ ಮೊದಲು ನೋವು ಹೇಗಿದೆ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆ, 'ಎಷ್ಟ್ ಬಂತ್ರೀ ಖರ್ಚು?' ಮನೆಯವರು ಆಸ್ಪತ್ರೆಯ ಬಿಲ್ಲಿನ ಮೊತ್ತ ಹೇಳುತ್ತಾರೆ. ಕೇಳಿದವರು ಅದನ್ನೇ ನೆನಪಿಟ್ಟುಕೊಂಡು ಹೋಗಿ, ಮುಂದೆ ತಮ್ಮ ಮನೆಯಲ್ಲಿ ಅಂಥ ಪ್ರಸಂಗ ಬಂದಾಗ ಅಷ್ಟೇ ದುಡ್ಡು ಹೊಂದಿಸಿಕೊಳ್ಳುತ್ತಾರೆ. ಕಳೆದ ವರ್ಷ ನನ್ನ ಹೆಂಡತಿಯ ಬಲಗಾಲಿನ ಆಪರೇಷನ್ ಆಯಿತು. ಬೆಳೆಸಾಲದ ಅರ್ಜಿಗಳ ನಡುವೆ ಆಯುಷ್ಯ ಕಳೆದು ಬ್ಯಾಂಕಿನಿಂದ ನಿವೃತ್ತನಾದ ನಾನು ಮನೆಯ ಲೆಕ್ಕವನ್ನೂ ಬರೆದಿಡುತ್ತೇನೆ. ಆ ಲೆಕ್ಕ ಇಟ್ಟುಕೊಂಡು ಹೇಳುತ್ತಿದ್ದೇನೆ: ಆಸ್ಪತ್ರೆಯ ಬಿಲ್ಲಿಗೆ ಬಂದದ್ದು ಒಂದು ಖರ್ಚು, ಮನೆಗೆ ಬಂದ ಮೇಲಿನ ಮೂರು ತಿಂಗಳದ್ದು ಇನ್ನೊಂದು. ಎರಡನೆಯದಕ್ಕೆ ದುಡ್ಡು ಎತ್ತಿಡದೆ ಮೊದಲನೆಯದಕ್ಕೆ ಕೈಹಾಕಬಾರದು.

ಆಸ್ಪತ್ರೆಯ ಮಾತು ಮೊದಲು ಮುಗಿಸುತ್ತೇನೆ. ಕೃತಕ ಮೊಣಕಾಲಿನ ಬೆಲೆಗೆ ಸರ್ಕಾರದ ಮಿತಿ ಇದೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಇದನ್ನು ತಂದಿತು. ಹೆಚ್ಚಾಗಿ ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ ಅದಕ್ಕೂ ಮುಂಚೆ ಸರಾಸರಿ ಒಂದೂವರೆ ಲಕ್ಷ ರೂಪಾಯಿಗೆ ಮಾರಾಟವಾಗುತ್ತಿತ್ತು. ಆಗ ಅದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಟೈಟೇನಿಯಂ ಬಗೆಯದಕ್ಕೆ 76,600. ಈಗಿನ ದರವನ್ನು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬಹುದು. ಇಂಪ್ಲಾಂಟಿನ ಕಂಪನಿ, ಬ್ಯಾಚ್ ನಂಬರು, ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ನಮೂದಾಗಿರಬೇಕು. ಕೇಳಿ ತೆಗೆದುಕೊಳ್ಳಿ. ಕೇಳಿದರೆ ಡಾಕ್ಟರರಿಗೆ ಬೇಸರವಾದೀತು ಎಂದು ಅಂಜಬೇಡಿ, ಅದು ನಿಮ್ಮ ಹಕ್ಕು. ಆದರೆ ಮಿತಿ ಇರುವುದು ಇಂಪ್ಲಾಂಟಿಗೆ ಮಾತ್ರ. ಖೋಲಿ ಬಾಡಿಗೆ, ಆಪರೇಷನ್ ಥಿಯೇಟರ್, ಸರ್ಜನ್ ಶುಲ್ಕಕ್ಕೆ ಇಲ್ಲ. ಆದ್ದರಿಂದ ವಿಜಯಪುರ, ಸೋಲಾಪುರ, ಮಿರಜ್ ಎಂದು ನಾಲ್ಕು ಕಡೆ ವಿಚಾರಿಸುವಾಗ ಇಂಪ್ಲಾಂಟಿನ ಬೆಲೆ ಕೇಳಿ ಸುಮ್ಮನಾಗದೆ ಇಡೀ ಪ್ಯಾಕೇಜಿನ ಮೊತ್ತ ಕೇಳಬೇಕು, ಅದರೊಳಗೆ ಏನೇನು ಸೇರಿಲ್ಲ ಎಂಬುದನ್ನೂ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಇದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ಚೀಟಿ ಬರೆಸಿಕೊಳ್ಳದೆ ಖಾಸಗಿ ಆಸ್ಪತ್ರೆಗೆ ದಾಖಲಾದ ಮೇಲೆ ಕಾರ್ಡ್ ತೋರಿಸಿದರೆ ಕೆಲಸ ಕೆಡುತ್ತದೆ. ನಮ್ಮ ತಾಲ್ಲೂಕಿನವರಿಗೆ ಭೀಮಾ ದಾಟಿದರೆ ಸೋಲಾಪುರ, ಹೋಗಿಬರಲು ರೂಢಿಯಾದ ಊರು. ಆದರೆ ಅದು ಮಹಾರಾಷ್ಟ್ರ. ಕಾರ್ಡ್ ಅಲ್ಲಿ ನಡೆಯುತ್ತದೋ ಇಲ್ಲವೋ ಎಂಬುದನ್ನು ಮಾತಿನಲ್ಲಿ ಕೇಳಿಕೊಂಡು ಬಿಡದೆ, ದಾಖಲಾಗುವ ಮುಂಚೆ ಮಂಜೂರಾತಿಯನ್ನೇ ತೆಗೆದುಕೊಳ್ಳಿ.

ನಮ್ಮದು ಖಾಸಗಿ ವಿಮೆ. ಹಳೆಯ ಪಾಲಿಸಿಯಾದ್ದರಿಂದ ಕಾಯುವ ಅವಧಿ ಮುಗಿದಿತ್ತು. ಚಿಪ್ಪು ಬದಲಾವಣೆಗೆ ಬಹಳಷ್ಟು ಪಾಲಿಸಿಗಳಲ್ಲಿ ನಾಲ್ಕು ವರ್ಷ ಕಾಯಬೇಕಿತ್ತು. 2024ರ ಏಪ್ರಿಲ್‌ನಿಂದ ಆ ಅವಧಿ ಮೂರು ವರ್ಷ ಮೀರುವಂತಿಲ್ಲ. ಮೊಣಕಾಲು ಕಟಕಟ ಅನ್ನಲು ಶುರುವಾದ ಮೇಲೆ ವಿಮೆ ಹುಡುಕುವವರಿಗೆ ಈ ಮೂರು ವರ್ಷ ದೊಡ್ಡದು. ಐವತ್ತರೊಳಗೆ ಮಾಡಿಸಿದವರಿಗೆ ಅದೊಂದು ಸಂಗತಿಯೇ ಅಲ್ಲ. ಖೋಲಿ ಆರಿಸುವಾಗಲೂ ಪಾಲಿಸಿ ತೆಗೆದು ನೋಡಿ. ದಿನಕ್ಕೆ 4,000 ರೂಪಾಯಿ ಬಾಡಿಗೆಯ ಮಿತಿ ಇದ್ದು ನೀವು 8,000ದ ಖೋಲಿ ಹಿಡಿದರೆ, ಹೆಚ್ಚಿನ ಬಾಡಿಗೆಯ ಜೊತೆಗೆ ಡಾಕ್ಟರ್ ಶುಲ್ಕ, ಥಿಯೇಟರ್ ಶುಲ್ಕದಲ್ಲೂ ಅರ್ಧ ನಿಮ್ಮ ಮೇಲೆ ಬರುವ ಪಾಲಿಸಿಗಳಿವೆ. ಇಂಪ್ಲಾಂಟಿಗೆ, ಔಷಧಿಗೆ ಮಾತ್ರ ಈ ಕಡಿತ ಹಾಕುವಂತಿಲ್ಲ.

ನಮ್ಮ ಬಿಲ್ಲು 1,95,000 ಆಯಿತು, ಕಂಪನಿ ಕೊಟ್ಟದ್ದು 1,62,000. ಕಡಿತವಾದದ್ದು ಏನೆಂದು ಸಾಲುಸಾಲಾಗಿ ನೋಡಿದೆ. ಕೈಗವಸು, ಬ್ಯಾಂಡೇಜು, ಕಾಲಿಗೆ ಕಟ್ಟುವ ಪಟ್ಟಿ, ವಾಕರ್. ವಿಮೆಯಲ್ಲಿ ಹಣ ಸಿಗದ ವಸ್ತುಗಳೆಂದು 68 ಹೆಸರುಗಳ ಒಂದು ಪಟ್ಟಿಯೇ ಇದೆ. ನಡೆಯಲು ಬೇಕಾದ ಸಲಕರಣೆ, ಕಮೋಡ್, ಮೊಣಕಾಲಿನ ಬ್ರೇಸ್, ನೋಡಿಕೊಳ್ಳುವವರ ಕೂಲಿ, ಎಲ್ಲ ಅದರೊಳಗೆ ಬರುತ್ತವೆ. ಅಂದರೆ ಚಿಪ್ಪು ಬದಲಿಸಿಕೊಂಡವರು ಮನೆಯಲ್ಲಿ ಮತ್ತೆ ಮನುಷ್ಯರಂತೆ ಓಡಾಡಲು ಯಾವುದು ಬೇಕೋ ಅದೇ ವಿಮೆಯ ಹೊರಗಿದೆ. ಈ ನಿಯಮ ಬದಲಾಗಬೇಕು. ಬೇರೆ ರೋಗಗಳ ಮಾತು ಬಿಡಿ, ಈ ಆಪರೇಷನ್ನಿಗೆ ವಾಕರ್ ಐಷಾರಾಮದ ವಸ್ತು ಅಲ್ಲ.

ಇನ್ನು ಮನೆಯ ಮಾತು. ನಮ್ಮ ಮನೆಗಳೆಲ್ಲ ನೆಲದ ಮೇಲೆ ಕೂರುವ ಮನೆಗಳು. ಊಟ ನೆಲದ ಮೇಲೆ, ಕಾಳು ಆರಿಸುವುದು ನೆಲದ ಮೇಲೆ, ಪೂಜೆ ನೆಲದ ಮೇಲೆ. ರೊಟ್ಟಿ ಬಡಿಯುವುದಂತೂ ಒಂದು ಮೊಣಕಾಲು ಮಡಚಿ ಒಲೆಯ ಮುಂದೆ ಕುಳಿತೇ. ಕುಳಿತು ಮಾಡುವ ಪಾಯಖಾನೆ, ಗೇಣೆತ್ತರದ ಹೊಸ್ತಿಲು, ನೆಲಕ್ಕೆ ಹತ್ತಿದಂತಿರುವ ಹೊರಸು. ಹೊಸ ಮೊಣಕಾಲಿಗೆ ಇವೆಲ್ಲ ಆಗದ ಸಂಗತಿಗಳು. ಆಕೆ ಆಸ್ಪತ್ರೆಯಲ್ಲಿರುವಾಗಲೇ ಗೌಂಡಿಯನ್ನು ಕರೆಸಿ ಬಚ್ಚಲಿನ ಪಕ್ಕ ಕಮೋಡ್ ಕೂರಿಸಿ, ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದೆ. ಅದಕ್ಕೆ 14,000. ವಾಕರ್, ರಾತ್ರಿಗೆಂದು ಕಮೋಡ್ ಕುರ್ಚಿ, ಎರಡಕ್ಕೂ ಸೇರಿ 4,500. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ, ನೋವಿನ ಗುಳಿಗೆ, ಡ್ರೆಸ್ಸಿಂಗ್‌ಗೆ 6,000. ತೋರಿಸಿಕೊಂಡು ಬರುವ ಗಾಡಿ ಬಾಡಿಗೆ 7,000; ಕಾಲು ನೀಡಿ ಕೂರಬೇಕಾದವರನ್ನು ಬಸ್ಸಿನಲ್ಲಿ ಕರೆದೊಯ್ಯಲಾಗದು.

ಮನೆಗೇ ಬರುವ ಫಿಜಿಯೋಥೆರಪಿಯವರಿಗೆ 16,000 ದಾಟಿತು. ಬಂಧುಗಳಿಗೆ ಕಣ್ಣು ಕುಕ್ಕಿದ್ದು ಇದೇ. 'ಕಾಲ ಮಡಚಿ ಬಿಡಾಕ ಅಷ್ಟ ರೊಕ್ಕ ಯಾಕ? ನೀವ ಮಾಡಸ್ರಲ್ಲ' ಎಂದವರಿದ್ದರು. ಅವರಿಗೆ ನಾನು ಕಂಡದ್ದನ್ನು ಹೇಳಿದೆ. ಮಂಚದ ಅಂಚಿಗೆ ಕೂತ ಈಕೆ ಎರಡೂ ಕೈಯಿಂದ ಗಾದಿಯ ಬಟ್ಟೆಯನ್ನು ಹಿಂಡುವಂತೆ ಹಿಡಿದಿರುತ್ತಿದ್ದಳು. ಹೊಲಿಗೆ ಹಾಕಿದ ಗೆರೆಯ ಸುತ್ತ ಚರ್ಮ ಬಿಗಿದು ಹೊಳೆಯುತ್ತಿತ್ತು. ಫಿಜಿಯೋಥೆರಪಿಯ ಹುಡುಗ ಹಿಮ್ಮಡಿ ಹಿಡಿದು, 'ಅಕ್ಕಾರ, ಇನ್ನ ಒಂದೀಟ ಮಡಚ್ರಿ, ಉಸುರ ಬಿಡ್ರಿ' ಎನ್ನುತ್ತ, ಕೋನ ಅಳೆಯುವ ಪಟ್ಟಿ ಇಟ್ಟು ಅಂಕಿ ಬರೆದುಕೊಳ್ಳುತ್ತಿದ್ದ. ಅರವತ್ತೈದು, ಎಪ್ಪತ್ತೆರಡು, ಎಂಬತ್ತು. ಕುರ್ಚಿಯಿಂದ ಕೈಯೂರದೆ ಏಳಬೇಕಾದರೆ ಮೊಣಕಾಲು 90 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಮಡಚಬೇಕು. ಕಣ್ಣಲ್ಲಿ ನೀರು ಬಂದ ಹೆಂಡತಿಯನ್ನು 'ಇನ್ನೊಂದೀಟ' ಎಂದು ಒತ್ತಾಯಿಸುವುದು ಗಂಡನಿಂದ ಆಗುವ ಕೆಲಸವಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅದನ್ನು ಕಲಿತವರಿಗೇ ಗೊತ್ತು. ಮೊದಲ ಆರು ವಾರ ಈ ವ್ಯಾಯಾಮ ತಪ್ಪಿದರೆ ಕೀಲಿನ ಸುತ್ತ ಗಡಸು ಅಂಗಾಂಶ ಬೆಳೆದು ಕಾಲು ಕಟ್ಟಿಕೊಂಡುಬಿಡುತ್ತದೆ. ಆಮೇಲೆ ಮತ್ತೆ ಅರಿವಳಿಕೆ ಕೊಟ್ಟು ಕಾಲು ಮಡಚಿಸಬೇಕಾಗುತ್ತದೆ, ಅದಕ್ಕೆ ಮತ್ತೊಂದು ಬಿಲ್ಲು. 16,000 ಉಳಿಸಲು ಹೋಗಿ ಎರಡು ಲಕ್ಷದ ಆಪರೇಷನ್ನನ್ನೇ ಕೆಡಿಸಿಕೊಂಡವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಬಿಡುಗಡೆಯಾದ ನಂತರ 60 ದಿನಗಳ ಖರ್ಚನ್ನು ಕೊಡುವ ಪಾಲಿಸಿಗಳು ಬಹಳ ಇವೆ. ಫಿಜಿಯೋಥೆರಪಿ ಬೇಕೆಂದು ಡಾಕ್ಟರರಿಂದ ಬರೆಸಿಕೊಂಡು, ಪ್ರತಿ ರಸೀದಿಯನ್ನೂ ಇಟ್ಟುಕೊಂಡರೆ ಆ ಖರ್ಚಿನಲ್ಲಿ ಒಂದಷ್ಟು ಮರಳಿ ಬರಬಹುದು.

ಇನ್ನೆರಡು ಬಾಬತ್ತುಗಳಿವೆ. ನಾನು ಈ ಅಂಕಣ ಬರೆಯಲು ಕೂತದ್ದೇ ಅವುಗಳಿಗಾಗಿ. ರೊಟ್ಟಿಗೆ 13,500. ಪಾತ್ರೆ, ಬಟ್ಟೆ, ಕಸ ಮಾಡುವ ಹೆಣ್ಣುಮಗಳಿಗೆ 9,000.

ರೊಟ್ಟಿ ಮಾರುವ ಮನೆಯಿಂದ ದಿನಕ್ಕೆ ಹದಿನೈದು ರೊಟ್ಟಿ ತರಿಸುತ್ತಿದ್ದೆವು, ಒಂದಕ್ಕೆ ಹತ್ತು ರೂಪಾಯಿ. ಈಕೆಗೆ ಅದು ಆಪರೇಷನ್ನಿಗಿಂತ ದೊಡ್ಡ ಸಂಕಟವಾಯಿತು. 'ಕೊಂಡ ತಂದ ರೊಟ್ಟಿ ತಿನ್ನೂದಂದ್ರ ಮಂದಿ ಏನಂತಾರ್ರೀ?' ಎಂದಳು. 'ಮಂದಿ ಏನರ ಅನ್ಲಿ, ನೀ ಒಲಿ ಮುಂದ ಕುಂದ್ರಬ್ಯಾಡ' ಎಂದೆ. ಮೂರನೇ ವಾರಕ್ಕೆ ವಾಕರ್ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ಪುಣೆಯಲ್ಲಿರುವ ಮಗಳನ್ನು ಕರೆಸಿರಿ ಎಂದು ಹಿರಿಯರ ಸಲಹೆ. ಮಗಳು ಬಂದರೆ ಅವಳ ಸಂಬಳ ಹೋಗುತ್ತದೆ, ಮೊಮ್ಮಗನ ಶಾಲೆ ತಪ್ಪುತ್ತದೆ. ಅದೂ ಖರ್ಚೇ, ನಮ್ಮ ವಹಿಯಲ್ಲಿ ಕಾಣದೆ ಅವರ ವಹಿಯಲ್ಲಿ ಕಾಣುತ್ತದೆ, ಅಷ್ಟೇ. ಮಗಳು ಒಂದು ವಾರ ಇದ್ದು ಹೋಗಲಿ, ಅವ್ವನ ಹತ್ತಿರ ಕೂತು ಮಾತಾಡಲಿ. ಅಡುಗೆ ಕೆಲಸಕ್ಕೆ ಅವಳನ್ನು ಕರೆಸುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಬೆಳಗಿನ ಚಹಾ, ಅನ್ನ, ಪಲ್ಲೆ, ಸಾರು ನನ್ನ ಪಾಲಿಗೆ ಬಂದವು.

ಮೂರು ತಿಂಗಳಿಗೆ ಒಟ್ಟು 70,000. ಅದರಲ್ಲಿ 22,500 ಈಕೆ ದಿನವೂ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸದ ಒಂದು ಪಾಲಿನ ಬೆಲೆ. ಎಮ್ಮೆ ಹಿಂಡುವುದು, ಲಿಂಬೆ ತೋಟದ ಆಳುಗಳಿಗೆ ಬುತ್ತಿ ಕಟ್ಟುವುದು, ಬಂದುಹೋಗುವವರ ಚಹಾ ಇವನ್ನೆಲ್ಲ ಹಿಡಿದರೆ ಇನ್ನೂ ಏರುತ್ತದೆ. ಹೆಂಡತಿಗೆ ವಿಶ್ರಾಂತಿ ಬೇಕು ಎಂದು ಡಾಕ್ಟರ್ ಹೇಳುತ್ತಾರೆ, ಎಲ್ಲರೂ ಹೌದೆನ್ನುತ್ತಾರೆ. ಆದರೆ ನಮ್ಮಂಥ ಮನೆಗಳಲ್ಲಿ ಆ ವಿಶ್ರಾಂತಿಗೆ ಒಂದು ದರ ಇದೆ. ಯಾರಾದರೂ ಅದನ್ನು ಕೊಡದಿದ್ದರೆ ಆಕೆಗೆ ವಿಶ್ರಾಂತಿ ಸಿಗುವುದಿಲ್ಲ. ಗಂಡಸರ ಕಾಲಿನ ಆಪರೇಷನ್ ಆದಾಗ ಈ ಬಾಬತ್ತು ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಹೆಂಡತಿ ಇದ್ದೇ ಇರುತ್ತಾಳೆ.

ಕೂಲಿ ಮಾಡುವ ಮನೆಯಾದರೆ ನೋಡಿಕೊಳ್ಳುವ ಗಂಡನ ತಪ್ಪಿದ ಕೂಲಿಯನ್ನೂ ಇದಕ್ಕೆ ಸೇರಿಸಬೇಕು. ಕೈಯಲ್ಲಿ ದುಡ್ಡಿಲ್ಲದೆ ನಡುವೆ ಕೈಗಡಕ್ಕೆ ಹೋದರೆ ನೂರಕ್ಕೆ ಮೂರು ಎನ್ನುವ ಬಡ್ಡಿ. ತಿಂಗಳ ಬಡ್ಡಿ ಅದು, ವರ್ಷಕ್ಕೆ ಶೇ 36. ಒಂದು ಲಕ್ಷಕ್ಕೆ 36,000 ಬರೀ ಬಡ್ಡಿ. ಬಂಗಾರವಿದ್ದರೆ ಬ್ಯಾಂಕಿನಲ್ಲಿ ಅಡವಿಡುವುದು ಅದಕ್ಕಿಂತ ಎಷ್ಟೋ ಪಾಲು ಮೇಲು. ನೋವಿನಲ್ಲಿರುವವರ ಮುಂದೆ ಈ ಬಡ್ಡಿಯ ಮಾತು ಆಡಬೇಡಿ. ಸಾಲವಾಗುತ್ತಿದೆ ಎಂದು ಗೊತ್ತಾದರೆ ನಮ್ಮ ಹೆಣ್ಣುಮಕ್ಕಳು ಮೊದಲು ನಿಲ್ಲಿಸುವುದು ತಮ್ಮ ಗುಳಿಗೆಯನ್ನು.

ಅದೃಷ್ಟಕ್ಕೆ ಇದು ಹೃದಯಾಘಾತದಂತೆ ಒಮ್ಮೆಲೇ ಬಂದೆರಗುವುದಲ್ಲ, ದಿನಾಂಕ ನಾವೇ ಆರಿಸಬಹುದು. ತೊಗರಿ ದುಡ್ಡು ಜನವರಿಯಲ್ಲಿ, ಲಿಂಬೆಗೆ ಒಳ್ಳೆ ದರ ಬೇಸಿಗೆಯಲ್ಲಿ. ಆದರೆ ದುಡ್ಡು ಬರುವ ತಿಂಗಳೂ ಮನೆಯಲ್ಲಿ ಕೆಲಸ ಕಡಿಮೆ ಇರುವ ತಿಂಗಳೂ ಒಂದೇ ಅಲ್ಲ. ರಾಶಿಯ ಹೊತ್ತಿಗೆ ಆಪರೇಷನ್ ಇಟ್ಟುಕೊಂಡ ಮನೆಯಲ್ಲಿ ಆಕೆ ಮಲಗಿರಲಾರಳು. ಎರಡೂ ಕಾಲನ್ನು ಒಮ್ಮೆಗೇ ಮಾಡಿಸಿ, ಖರ್ಚು ಉಳಿಯುತ್ತದೆ ಎಂದವರೂ ಇದ್ದರು. ಪ್ರಧಾನಿಯಾಗಿದ್ದ ವಾಜಪೇಯಿಯವರೇ ಒಂದು ಕಾಲನ್ನು 2000ರ ಅಕ್ಟೋಬರ್‌ನಲ್ಲಿ, ಇನ್ನೊಂದನ್ನು 2001ರ ಜೂನ್‌ನಲ್ಲಿ ಮಾಡಿಸಿಕೊಂಡರು. ಯಾರಿಗೆ ಯಾವುದು ಸರಿ ಎಂಬುದು ಡಾಕ್ಟರರ ತೀರ್ಮಾನ. ಉಳಿತಾಯಕ್ಕಾಗಿ ಮಾತ್ರ ಎರಡನ್ನೂ ಒಟ್ಟಿಗೆ ಮಾಡಿಸಬೇಡಿ.

ಇಷ್ಟೆಲ್ಲ ಖರ್ಚು ಮಾಡಿ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಗೆ 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಉತ್ತರ ಕೊಟ್ಟಿದೆ: ಪೂರ್ಣ ಬದಲಿಸಿದ ಮೊಣಕಾಲುಗಳಲ್ಲಿ ಶೇ 82ರಷ್ಟು 25 ವರ್ಷ ಬಾಳಿವೆ. ಆ 25 ವರ್ಷಗಳ ಎದುರಿಗೆ 70,000 ದೊಡ್ಡ ಮೊತ್ತವಲ್ಲ ಎಂದೇ ನನ್ನ ತೀರ್ಮಾನ.

ಕಾಗದದ ಮಾತು ಎರಡು. ಒಂದೇ ಬಿಲ್ಲಿಗೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ಆಸ್ಪತ್ರೆ ನಗದಾಗಿ ಪಡೆಯುವಂತಿಲ್ಲ. ತೋಟ ಮಾರಿದ ದುಡ್ಡನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗದೆ ಬ್ಯಾಂಕಿನಿಂದ ಕಳಿಸಿ. ಅರವತ್ತು ದಾಟಿದ, ವಿಮೆಯೇ ಇಲ್ಲದ ಹೆಂಡತಿ ಅಥವಾ ಗಂಡನ ಚಿಕಿತ್ಸೆಗೆ ನಗದಲ್ಲದೆ ಕೊಟ್ಟ ಹಣದಲ್ಲಿ 50,000ದವರೆಗೆ 80ಡಿ ಅಡಿಯಲ್ಲಿ ವಿನಾಯಿತಿ ಸಿಗುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ.

ಈಕೆಯ ಎಡಗಾಲೂ ಈಗ ನೋಯುತ್ತಿದೆ. ಆಪರೇಷನ್ನಿಗೆ ವಿಮೆ ಇದೆ. ಅದರ ನಂತರದ ಮೂರು ತಿಂಗಳಿಗೆಂದು ತಿಂಗಳಿಗೆ 4,000 ರೂಪಾಯಿಯಂತೆ ಹದಿನೆಂಟು ತಿಂಗಳ ಆರ್‌ಡಿ ತೆರೆದಿದ್ದೇವೆ. ಅಸಲೇ 72,000 ಆಗುತ್ತದೆ. ಖಾತೆ ಈಕೆಯ ಹೆಸರಿನಲ್ಲಿದೆ.